ಎಡಗೈಗೆ ಸವೆದ ನಿಬ್ಬು

೨೦೦೪ರ ಜೂನ್‌ನಲ್ಲಿ, ನನ್ನಂಥವರು ಸಿಕ್ಕಾರು ಎಂಬ ಆಸೆಯಿಂದ ಕಾರ್ಕಳದ ಶಾಯಿಪೆನ್ನಿನ ಬಳಗಕ್ಕೆ ಮೊದಲ ಸಲ ಹೋದೆ. ಅಲ್ಲಿ ಒಬ್ಬರ ಪೆನ್ನಿನಲ್ಲಿ ಇನ್ನೊಬ್ಬರು ಬರೆದು ನೋಡುತ್ತಾರೆ. ನಾನು ಎಡಗೈಯವಳು. ಬೇರೆಯವರ ಕೈಗೆ ಸವೆದ ನಿಬ್ಬುಗಳೆಲ್ಲ ಕಾಗದ ಕೆರೆದವು. ಒಂದು ಹಳೇ ಪೆನ್ನು ಮಾತ್ರ ಸಲೀಸಾಗಿ ಬರೆಯಿತು, ಮುಟ್ಟುವಾಗಲೇ ಬೆಚ್ಚಗಿತ್ತು.

"ಇದು ಯಾರದ್ದು?"

"ನಿನ್ನದೇ ಅಲ್ವಾ? ಹೋದ ತಿಂಗಳು ಬಿಟ್ಟು ಹೋದದ್ದು," ಎಂದರು ಬಳಗ ನಡೆಸುವ ವಾರಿಜಕ್ಕ.

ಹೊಸಬಳನ್ನು ಆಟ ಆಡಿಸುತ್ತಿದ್ದಾರೆ ಅನಿಸಿತು. "ನಾನು ಇವತ್ತೇ ಬಂದದ್ದಕ್ಕ."

"ಎಂತ ತಮಾಷೆ ಮಾರಾಯ್ತಿ! ಇದೇ ಕುರ್ಚಿಯಲ್ಲಿ ಕೂತಿದ್ದೆ."

ಯಾರೂ ನಗಲಿಲ್ಲ. ವಾರಿಜಕ್ಕ ಪೆನ್ನನ್ನು ನನ್ನ ಚೀಲಕ್ಕೇ ಹಾಕಿದರು.

ಮನೆಯಲ್ಲಿ ಡೈರಿ ತೆಗೆದೆ. ಹೋದ ತಿಂಗಳು ಬಳಗ ಸೇರಿದ ದಿನ ನಾನು ಜ್ವರದಲ್ಲಿ ಮಲಗಿದ್ದೆ ಎಂದೇ ಉಂಟು.

ಉಡುಪಿಯಲ್ಲಿ ಪೆನ್ನು ರಿಪೇರಿ ಮಾಡುವವರಿಗೆ ನಿಬ್ಬು ತೋರಿಸಿದೆ. "ಇದರಲ್ಲಿ ಎಡಗೈಯವರೊಬ್ಬರೇ ಕಡಿಮೆಯೆಂದರೂ ಮೂವತ್ತು ವರ್ಷ ಬರೆದಿದ್ದಾರೆ," ಎಂದರು.

ನನಗಾಗ ಇಪ್ಪತ್ತೆರಡು.