ಬದುಕಿರುವವರ ಪಟಕ್ಕೆ ಹೂವು

1997ರ ಸೆಪ್ಟೆಂಬರ್ 27, ಶನಿವಾರ. ಬೆಳಗ್ಗೆ ಒಂಬತ್ತೂವರೆಗೆ ಅತ್ತಿಬೆಲೆ ಠಾಣೆಗೆ ಬಂದ ಹನುಮಂತರಾಯಪ್ಪ ಕುರ್ಚಿ ತೋರಿಸಿದರೂ ಕೂರಲಿಲ್ಲ. ಐವತ್ತಮೂರರ ಗಟ್ಟಿ ಆಳು. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಸಾಲುಮನೆ ಕಟ್ಟಿಸಿ ಕಾರ್ಖಾನೆಯವರಿಗೆ ಬಾಡಿಗೆಗೆ ಕೊಟ್ಟವರು. ಊರಿನಲ್ಲಿ ಅವರಿಗೆ ಎದುರಾಡುವವರು ಕಡಿಮೆ. ಅಂಥವರು ಅಂದು ಮೇಜಿನ ಮೇಲೆ ಬಗ್ಗಿ ಪಿಸುಗುಟ್ಟಿದರು.

“ಸಾ, ನನ್ನ ಸಾಯ್ಸಾಕೆ ನೋಡ್ತಾವ್ರೆ.”

ಇನ್‌ಸ್ಪೆಕ್ಟರ್ ಚನ್ನವೀರಪ್ಪ ಪೆನ್ನು ಕೆಳಗಿಟ್ಟರು. “ಯಾರು? ಏನು ಹಿಡ್ಕೊಂಡು ಬಂದಿದ್ರು?”

“ಮಲ್ಲಿಗೆ ಹೂ, ಸಾ.”

ಮೂಲೆಯಲ್ಲಿ ಟೀ ಕುಡಿಯುತ್ತಿದ್ದ ಕಾನ್‌ಸ್ಟೆಬಲ್ ಚಿರಂಜೀವಿಗೆ ಟೀ ನೆತ್ತಿಗೇರಿತು.

ವಿಷಯ ಇಷ್ಟು. ಸ್ವಾತಂತ್ರ್ಯದ ಸುವರ್ಣೋತ್ಸವಕ್ಕೆಂದು ಹಳೆ ಶಾಲೆಯ ಹಾಲಿನಲ್ಲಿ ಊರಿನ ಹಳೆಯ ಫೋಟೋಗಳ ಪ್ರದರ್ಶನ ನಡೆದಿತ್ತು. ತೀರಿಕೊಂಡ ಸ್ಟುಡಿಯೋ ನರಸಿಂಹಯ್ಯ ತೆಗೆದ ಪಟಗಳು. ಪ್ರದರ್ಶನದ ಸಮಿತಿಗೆ ಹನುಮಂತರಾಯಪ್ಪನೇ ಅಧ್ಯಕ್ಷರು. 1952ರ ಸಂತೆಯ ಪಟವೊಂದರಲ್ಲಿ, ಎಂಟು ವರ್ಷದ ಹುಡುಗನಾಗಿ ಅವರೂ ಇದ್ದರು. ಗುರುವಾರ ಯಾರೋ ಆ ಪಟಕ್ಕೆ ಒಂದು ಮೊಳ ಮಲ್ಲಿಗೆ ಸಿಕ್ಕಿಸಿದ್ದರು. ಅಧ್ಯಕ್ಷರು ಅದನ್ನು ಕಿತ್ತೆಸೆದರು. ಶುಕ್ರವಾರ ಬಾಗಿಲು ಹಾಕುವ ಹೊತ್ತಿಗೆ ಪಟವೇ ಇರಲಿಲ್ಲ.

“ಬದುಕಿರೋನ ಪಟಕ್ಕೆ ಹೂ ಮುಡ್ಸಿದ್ರೆ ಏನರ್ಥ ಸಾ? ತಿಥಿ ಮಾಡ್ದಂಗೆ! ಈಗ ಪಟಾನೂ ಒಯ್ದವ್ರೆ. ಮಾಟ ಮಾಡ್ಸಾಕೆ. ನಮ್ ದಾಯಾದಿ ಚಿಕ್ಕಬೈರಪ್ಪನೇ ಸಾ, ಬರ್ಕೊಳ್ಳಿ.”

ಮಾಟಕ್ಕೆ ಕಾನೂನಿನಲ್ಲಿ ಕಲಮಿಲ್ಲ, ಕಳವಿಗೆ ಉಂಟು. ಐಪಿಸಿ 380ರಡಿ ಎಫ್‌ಐಆರ್ ಆಯಿತು.

ಹನ್ನೊಂದು ಗಂಟೆಗೆ ಶಾಲೆಯಲ್ಲಿ ಸ್ಥಳ ಪಂಚನಾಮೆ. ಬೀಗ ಮುರಿದಿರಲಿಲ್ಲ, ಕಿಟಕಿ ಒಡೆದಿರಲಿಲ್ಲ. ಜನ ನೋಡುತ್ತಿರುವಾಗಲೇ ಯಾರೋ ಪಟವನ್ನು ಮೊಳೆಯಿಂದಿಳಿಸಿ ಬ್ಯಾಗಿಗೆ ಹಾಕಿಕೊಂಡು ಹೋಗಿದ್ದರು. ಬೀಟೆ ಮರದ ಕಟ್ಟಿನ ದೊಡ್ಡ ಪಟಗಳು ಪಕ್ಕದಲ್ಲೇ ಇದ್ದವು. ಅವುಗಳ ಗೋಜಿಗೆ ಕಳ್ಳ ಹೋಗಿರಲಿಲ್ಲ.

ಚನ್ನವೀರಪ್ಪ ಉಳಿದ ಪಟಗಳ ಮುಂದೆ ಬೇಕಾದುದಕ್ಕಿಂತ ಹೆಚ್ಚು ಹೊತ್ತು ನಿಂತರು. ಲಾರಿಗಳು ಹಗಲಿರುಳು ಹೊಗೆ ಕಾರುವ ಹೊಸೂರು ರಸ್ತೆ ಇಲ್ಲಿ ಹುಣಸೆಮರಗಳ ನೆರಳಿನಲ್ಲಿ ಮಲಗಿತ್ತು, ನಡುವೆ ಒಂದೇ ಒಂದು ಎತ್ತಿನಗಾಡಿ. ಕೆರೆಯ ಏರಿಯ ಮೇಲೆ ಗರಡಿಯ ಹುಡುಗರು ಎದೆಯುಬ್ಬಿಸಿ ನಿಂತಿದ್ದರು. ಆ ಕೆರೆ ಈಗ ಕಾರ್ಖಾನೆಯ ಗೋದಾಮು. ಚನ್ನವೀರಪ್ಪ ಈ ಊರಿನವರಲ್ಲ, ದಾವಣಗೆರೆ ಕಡೆಯವರು. ಆದರೂ ತಾವು ಕಾಣದ ಆ ಊರನ್ನು ಮೊದಲ ಪಟದಿಂದ ಇನ್ನೊಮ್ಮೆ ನೋಡಿದರು.

ಜವಾನ ಹನುಮಯ್ಯನನ್ನು ಕರೆದರು.

“ಹೂ ಎಲ್ಲಿತ್ತು? ಪಟದ ನಡುವೆಯೋ?”

“ಇಲ್ಲ ಸಾ. ಎಡಗಡೆ ಮೂಲೇಲಿ. ತರಕಾರಿ ಹೆಂಗಸ್ರು ನಿಂತವ್ರಲ್ಲ, ಅವರ ನೆತ್ತಿ ಮ್ಯಾಲೆ.”

“ಹನುಮಂತರಾಯಪ್ಪ ಎಲ್ಲಿದ್ರು?”

“ಅಲ್ಲೇ ಪಕ್ದಾಗೆ ಸಾ. ಹೆಂಗಸ್ರ ಜೊತೇಲಿ.”

ಚಿಕ್ಕಬೈರಪ್ಪನನ್ನು ಮಧ್ಯಾಹ್ನ ವಿಚಾರಿಸಲಾಯಿತು. “ಅವನ್ನ ಸಾಯ್ಸಾಕೆ ಮಾಟ ಯಾಕೆ ಸಾ? ಅವನು ತಿನ್ನೋ ಬಾಡೂಟವೇ ಸಾಕು,” ಎಂದ. ಶುಕ್ರವಾರ ಇಡೀ ದಿನ ಅವನು ಹೊಸೂರಿನ ಮಗಳ ಮನೆಯಲ್ಲಿದ್ದದ್ದು ನಿಜವೆಂದು ಗೊತ್ತಾಯಿತು. ದಾಯಾದಿಯ ಮೇಲಿನ ಅನುಮಾನ ಅಲ್ಲಿಗೇ ಮುಗಿಯಿತು.

ಭಾನುವಾರ ಮನೆಯಲ್ಲಿ ಚನ್ನವೀರಪ್ಪ ಎಂದಿನಂತೆ ಅಪ್ಪನ ಪಟಕ್ಕೆ ವಿಭೂತಿ ಹಚ್ಚುತ್ತಿದ್ದರು. ಅಪ್ಪ ಶಾಲಾ ಮೇಷ್ಟ್ರು, ಮಗನಿಗೆ ಐದು ತುಂಬುವ ಮುಂಚೆ ಹೋದವರು. ಇದ್ದದ್ದು ಶಾಲೆಯ ಗುಂಪು ಫೋಟೋ ಒಂದೇ. ಅದರಲ್ಲಿದ್ದ ಮಿಕ್ಕ ಮೇಷ್ಟ್ರುಗಳು ಬದುಕಿದ್ದರು. ಬದುಕಿರುವವರಿಗೆ ಹಾರ ಹಾಕಬಾರದೆಂದು ಅವ್ವ ಸ್ಟುಡಿಯೋದಲ್ಲಿ ಅಪ್ಪನ ಮುಖವನ್ನಷ್ಟೇ ಬಿಡಿಸಿ ದೊಡ್ಡದು ಮಾಡಿಸಿದ್ದಳು. ಆದರೂ ಅಂಚಿನಲ್ಲಿ ಪಕ್ಕದವರ ಕೋಟಿನ ಭುಜ ಉಳಿದುಬಿಟ್ಟಿತ್ತು. ಬೆರಳು ಅಲ್ಲೇ ನಿಂತಿತು. ಬುಧವಾರ ಮಹಾಲಯ ಅಮಾವಾಸ್ಯೆ. ಹಿರಿಯರಿಗೆ ಎಡೆ ಇಡುವ ದಿನ.

ಸೋಮವಾರ ಬೆಳಗ್ಗೆ ಚಿರಂಜೀವಿಗೆ ಹೇಳಿದರು: “ಆ ಪಟ ಕದ್ದೋರಿಗೆ ಹನುಮಂತರಾಯಪ್ಪ ಬೇಕಾಗಿಲ್ಲಪ್ಪ. ಆ ಮೂಲೇಲಿರೋ ಯಾರೋ ಸತ್ತೋರು ಬೇಕಾಗಿದ್ದಾರೆ. ಎಡೆ ಮುಂದೆ ಸಂತೆ ಪಟ ಹಂಗೇ ಇಡಕ್ಕಾಗಲ್ಲ, ಬದುಕಿರೋರೂ ಅದರಾಗೆ ಅದಾರೆ. ಮುಖ ಬಿಡಿಸ್ಲೇಬೇಕು. ಸ್ಟುಡಿಯೋಗಳನ್ನ ನೋಡು.”

“ಸಾರ್, ಅತ್ತಿಬೆಲೇಲಿ ಒಂದೇ ಸ್ಟುಡಿಯೋ ಇರೋದು. ಅಲ್ಲಿಗೆ ಹೋದ್ರೆ ಸಂಜೆಯೊಳಗೆ ಊರಿಗೇ ಗೊತ್ತಾಗುತ್ತೆ.”

“ಅದಕ್ಕೇ ಚಂದಾಪುರಕ್ಕೆ ಹೋಗು.”

ಚಂದಾಪುರದಲ್ಲಿ ಸುತ್ತಾಡಿ, ಮಂಗಳವಾರ ಸಂಜೆ ಹೊತ್ತಿಗೆ ಚಿರಂಜೀವಿ ಬಸ್ ಸ್ಟ್ಯಾಂಡ್ ಬಳಿಯ ಸ್ಟುಡಿಯೋ ಹಿಡಿದ. ಮಾಲೀಕ ಗುರುರಾಜ್ ಮುಚ್ಚಿಡಲಿಲ್ಲ.

“ಬಂದಿದ್ರು ಸಾರ್, ನಲವತ್ತು ದಾಟಿದ ಹೆಂಗಸು. ಬೆಳಗ್ಗೆನೇ ಹಳೇದು, ದೊಡ್ಡದು ಮಾಡಿದ್ದು ಎರಡೂ ಪಟ ತಗೊಂಡು ಹೋದ್ರು.”

“ಹೆಸರು?”

“ಕೇಳಲಿಲ್ಲ ಸಾರ್. ಅವರಿಗೆ ಒಂದೇ ಚಿಂತೆ. ‘ಆ ಮುಖ ಕೆಡಬಾರ್ದು, ಅದು ಬಿಟ್ರೆ ನಂಗೆ ಬೇರೆ ಇಲ್ಲ’ ಅಂತಾನೇ ಇದ್ರು. ನೆಗೆಟಿವ್ ನನ್ ಹತ್ರ ಇದೆ.”

ಅದರಿಂದ ಇನ್ನೊಂದು ಪ್ರತಿ ತೆಗೆಸಿಕೊಂಡು ಚಿರಂಜೀವಿ ಬುಧವಾರ ಬೆಳಗ್ಗೆ ಊರಿನ ಹಳಬರ ಮನೆ ಮನೆ ಸುತ್ತಿದ. ಎಪ್ಪತ್ತು ದಾಟಿದ ವಸಂತಮ್ಮ ಪಟವನ್ನು ಬಿಸಿಲಿಗೆ ಹಿಡಿದು ನಕ್ಕರು.

“ಪುಟ್ಟತಾಯಮ್ಮ ಕಣಪ್ಪ ಇವ್ಳು! ಮಗು ಇನ್ನೂ ತೆವಳ್ತಿತ್ತು, ಕಾಲರಾದಾಗೆ ಹೊಂಟೋದ್ಲು. ಪಟ ತೆಗಿಸ್ಕೊಂಡ್ರೆ ಆಯಸ್ಸು ಕಮ್ಮಿ ಆಯ್ತದೆ ಅಂತ ಒಂದು ಪಟಾನೂ ತೆಗಿಸ್ಕೊಳ್ಲಿಲ್ಲ. ಇದು ಸಂತೇಲಿ ಅವ್ಳಿಗೇ ತಿಳೀದಂಗೆ ಬಿದ್ದಿರೋದು. ಮಗಳು ವನಜಾಗೆ ಶಾಲೇಲಿ ನಾನೇ ತೋರ್ಸ್ದೆ, ‘ನೋಡೇ, ಇವ್ಳೇ ನಿಮ್ಮವ್ವ’ ಅಂತ. ಅದು ಅಲ್ಲೇ ಕುಸ್ದು ಕೂತ್ಕಂತು.”

ಮಧ್ಯಾಹ್ನ ಒಂದಕ್ಕೆ ಚನ್ನವೀರಪ್ಪ, ಚಿರಂಜೀವಿ, ಮಹಿಳಾ ಕಾನ್‌ಸ್ಟೆಬಲ್ ಮಹಾಂತಮ್ಮ, ಜೊತೆಗೆ ಇಬ್ಬರು ಪಂಚರು ವನಜಾಳ ಮನೆ ತಲುಪಿದರು. ಬಾಗಿಲು ಮುಚ್ಚಿತ್ತು. ಬಲ್ಬ್ ಕಾರ್ಖಾನೆಗೆ ರಜೆ ಹಾಕಿದ್ದ ಅವಳು ತಲೆಗೆ ನೀರು ಹಾಕಿಕೊಂಡು ಜಗಲಿಯ ಮೇಲೆ ಕುಳಿತಿದ್ದಳು. ಖಾಕಿ ಕಂಡು ಎದ್ದಳು, ಓಡಲಿಲ್ಲ.

“ಒಳಗೆ ಯಾರಿದ್ದಾರೆ?” ಚನ್ನವೀರಪ್ಪ ಕೇಳಿದರು.

“ನಮ್ಮವ್ವ, ಸಾ.”

ಚಿರಂಜೀವಿ ಒಂದು ಹೆಜ್ಜೆ ಹಿಂದೆ ಸರಿದ.

“ಎಡೆ ಇಕ್ಕಿವ್ನಿ. ಉಣ್ತಾ ಅವ್ಳೆ. ಈಗ ಬಾಗ್ಲು ತೆಗೀಬಾರ್ದು ಸಾ. ವಸಿ ವೊತ್ತು ನಿಂತ್ಕಳಿ, ಆಮೇಲೆ ಎಲ್ಲಿಗೆ ಕರ್ದ್ರೂ ಬತ್ತೀನಿ.”

ಎಡೆ ಇಟ್ಟು ಬಾಗಿಲೆಳೆದರೆ ಹಿರಿಯರು ಬಂದು ಉಂಡು ಹೋಗುತ್ತಾರೆಂಬುದು ಇಲ್ಲಿನ ನಡವಳಿಕೆ. ಚಿರಂಜೀವಿ ಸಾಹೇಬರ ಮುಖ ನೋಡಿದ. ಸಾಹೇಬರು ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡು ಜಗಲಿಯ ತುದಿಯಲ್ಲಿ ಕುಳಿತರು. ಸತ್ತು ನಲವತ್ತು ವರ್ಷ ದಾಟಿದ ಹೆಂಗಸೊಬ್ಬಳ ಊಟ ಮುಗಿಯಲೆಂದು ಅತ್ತಿಬೆಲೆ ಪೊಲೀಸರು ಬಿಸಿಲಿನಲ್ಲಿ ಕಾದರು.

“ಕೇಳಿ ಪಡೀಬಹುದಿತ್ತಲ್ಲಮ್ಮ?”

“ಕೇಳ್ದೆ ಸಾ. ಒಂದು ದಿನಕ್ಕೆ ಕೊಡಿ ಅಂದೆ. ‘ಪಟ ಎಲ್ಲಾ ಬೆಂಗಳೂರಿನ ಪ್ರದರ್ಶನಕ್ಕೆ ವೊಂಟೋಯ್ತವೆ, ಮುಟ್ಬ್ಯಾಡ’ ಅಂದ್ರು ಅಧ್ಯಕ್ಷರು. ಪ್ರತೀ ವರ್ಷ ಒಂದು ಕಳಸ ಮಡಗಿ ಎಡೆ ಇಕ್ತಿದ್ದೆ. ಕನ್ನಡೀಲಿ ನನ್ ಮುಖ ನೋಡ್ಕೊಂಡು, ಇಂಗೇ ಇದ್ಲೇನೋ ಅನ್ಕೊಂತಿದ್ದೆ. ಈ ವರ್ಷನಾದ್ರೂ ಅವ್ಳ ಮುಖದ ಮುಂದೆ ಇಕ್ಕಾನ ಅಂತ ಆಸೆ ಆಯ್ತು.”

ಆಮೇಲೆ ಅವಳೇ ಬಾಗಿಲು ತೆಗೆದಳು. ಬಾಳೆಲೆಯ ಮುಂದೆ ಪುಟ್ಟತಾಯಮ್ಮನ ಮುಖ. ದೊಡ್ಡದು ಮಾಡಿ ಮಸುಕಾಗಿದ್ದರೂ ನಗು ಉಳಿದಿತ್ತು. ಪಟದ ಕೆಳಮೂಲೆಗೆ ಒಂದು ವೀಳ್ಯದೆಲೆ ಅಂಟಿಸಿತ್ತು.

“ಇದೇನು?”

ವನಜಾ ಎಲೆ ಎತ್ತಿದಳು. ಬೆಳ್ಳಿ ಕಡಗದ ಪುಟ್ಟ ಕೈಯೊಂದು ಪುಟ್ಟತಾಯಮ್ಮನ ಕೈಯೊಳಗಿತ್ತು. “ಅಧ್ಯಕ್ಷರ ಕೈ, ಸಾ. ಇದನ್ನ ತೆಗೀಬೇಕಂದ್ರೆ ಅವ್ವನ ಕೈಯೂ ಓಯ್ತದೆ ಅಂದ್ರು ಸ್ಟುಡಿಯೋದವ್ರು. ಮೊದ್ಲು ತಿಳೀದೆ ಹೂ ಇಕ್ಬುಟ್ಟಿದ್ದೆ. ಬದುಕಿರೋರಿಗೆ ಕೇಡಾಗಬಾರ್ದಲ್ಲ, ಅದ್ಕೆ ಮುಚ್ಚಿದ್ದು.”

ಚನ್ನವೀರಪ್ಪ ಎಲೆಯನ್ನು ಮತ್ತೆ ಮುಚ್ಚುವಂತೆ ಸನ್ನೆ ಮಾಡಿದರು. ಅಪ್ಪನ ಪಕ್ಕದ ಭುಜವನ್ನು ಮುಚ್ಚಬೇಕೆಂದು ಅವರಿಗೆ ಎಂದೂ ಹೊಳೆದಿರಲಿಲ್ಲ.

ಮೂಲ ಪಟ ಪೆಟ್ಟಿಗೆಯಲ್ಲಿ ಸೀರೆ ಸುತ್ತಿ ಭದ್ರವಾಗಿತ್ತು. ಪಂಚನಾಮೆ ಬರೆದು ಅದನ್ನು ವಶಪಡಿಸಿಕೊಂಡರು. ದೊಡ್ಡದು ಮಾಡಿಸಿದ ಪಟವನ್ನು ಚಿರಂಜೀವಿ ಎತ್ತಿಕೊಳ್ಳಹೋದಾಗ ಸಾಹೇಬರು, “ಅದು ಕದ್ದ ಮಾಲಲ್ಲ, ಅಲ್ಲೇ ಇರಲಿ,” ಎಂದರು. 2.20ಕ್ಕೆ ಮಹಾಂತಮ್ಮನ ಸಮಕ್ಷಮದಲ್ಲಿ ವನಜಾಳ ದಸ್ತಗಿರಿಯಾಯಿತು.

ಸುದ್ದಿ ತಿಳಿದು ಹನುಮಂತರಾಯಪ್ಪ ಬೈಯಲು ಸಿದ್ಧರಾಗಿಯೇ ಠಾಣೆಗೆ ಬಂದರು. ಚನ್ನವೀರಪ್ಪ ಸಂತೆಯ ಪಟವನ್ನು ಅವರ ಮುಂದೆ ಸರಿಸಿ, ಆ ಮೂಲೆಯ ಮೇಲೆ ಬೆರಳಿಟ್ಟರು. ವೀಳ್ಯದೆಲೆಯ ಸಂಗತಿ ತಿಳಿಸಿದರು. ಅಧ್ಯಕ್ಷರು ಕನ್ನಡಕ ಹಾಕಿಕೊಂಡು ಬಗ್ಗಿದರು. ಇಷ್ಟು ದಿನ ಅವರು ಆ ಪಟದಲ್ಲಿ ತಮ್ಮ ಮುಖವೊಂದನ್ನೇ ನೋಡಿದ್ದರು. ಈಗ ಕುರ್ಚಿ ಎಳೆದುಕೊಂಡು ಕೂತುಬಿಟ್ಟರು.

ಜಾಮೀನಿಗೆ ಅವರೇ ರುಜು ಹಾಕಿದರು. ಕೇಸ್ ಡೈರಿಯಲ್ಲಿ ಕೃತ್ಯದ ಉದ್ದೇಶ ಬರೆಯುವ ಕಡೆ ಇನ್‌ಸ್ಪೆಕ್ಟರ್ ಒಂದೇ ಸಾಲು ಬರೆದರು: ಆರೋಪಿಯು ತನ್ನ ತಾಯಿಯ ಮುಖವನ್ನು ಕಂಡಿರಲಿಲ್ಲ.

ಹೊರಡುವಾಗ ವನಜಾ ಬಾಗಿಲಲ್ಲಿ ತಿರುಗಿ ನಿಂತಳು. ಕೇಳಲೋ ಬೇಡವೋ ಎಂದು ಸೆರಗು ಹಿಂಡಿದಳು.

“ಅಣ್ಣ, ನಮ್ಮವ್ವನ ದನಿ ಹೆಂಗಿತ್ತು?”

ಹನುಮಂತರಾಯಪ್ಪ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಹೊರಗೆ ಹೊಸೂರು ರಸ್ತೆಯಲ್ಲಿ ಲಾರಿಗಳು ಹೋಗುತ್ತಲೇ ಇದ್ದವು.

“ದನಿ ಗ್ಯಾಪಕ ಇಲ್ಲ ಕಣವ್ವ,” ಎಂದರು, ತಮ್ಮ ಬಲಗೈಯನ್ನೇ ನೋಡಿಕೊಳ್ಳುತ್ತ. “ಸಂತೇಲಿ ನಾನು ತಪ್ಪಿಸ್ಕೊಂಡು ಅಳ್ತಾ ನಿಂತಿದ್ದೆ. ನಮ್ಮಪ್ಪ ಬರೋಗಂಟ ಕೈ ಹಿಡ್ಕೊಂಡೇ ಇದ್ಲು. ಅವ್ಳ ಕೈ ಬೆಚ್ಚಗಿತ್ತು.”

ವನಜಾ ಹತ್ತಿರ ಬಂದು, ಆ ಕೈಯನ್ನು ಒಂದು ಸಲ ಮುಟ್ಟಿ, ಮನೆಗೆ ಹೋದಳು.