ಬೇರೆ ಮಾತ್ರೆ ಏನೂ ಇಲ್ಲ

ಲಿಫ್ಟು ಎರಡು ಮಹಡಿಗಳ ನಡುವೆ ನಿಂತು ಕತ್ತಲಾದಾಗ ಅವಳ ಕೈಯಲ್ಲಿ ಔಷಧಿಯ ಟ್ರೇ ಇತ್ತು, ಜೀವ ಬಾಯಿಗೆ ಬಂದಿತ್ತು.

"ಮೇಡಂ, ಬಾಗಿಲು ಮುಟ್ಟಬೇಡಿ. ನಾನು ಮೇಲೇ ಇದ್ದೀನಿ," ಎಂದಿತು ಒಂದು ಗಂಡು ದನಿ.

"ಮೇಲೆ ಅಂದ್ರೆ... ದೇವರಾ?"

"ಅಷ್ಟು ಮೇಲಲ್ಲ ಮೇಡಂ. ಲಿಫ್ಟ್ ಮೆಕ್ಯಾನಿಕ್."

ಆ ಭಯದಲ್ಲೂ ಅವಳಿಗೆ ನಗು ಬಂತು. ಗ್ರೀಸ್ ಮೆತ್ತಿದ ಕೈ ಚಾಚಿ ಅವಳನ್ನು ಹೊರಗೆಳೆದವನು ಅವಳ ಕೈ ಬಿಡುವುದನ್ನೇ ಮರೆತ. ಅವಳೂ ನೆನಪಿಸಲಿಲ್ಲ.

ಅವಳು ಆ ಆಸ್ಪತ್ರೆಯ ಔಷಧಿ ಕೌಂಟರಿನವಳು. ಆಮೇಲೆ ಆ ಲಿಫ್ಟಿಗೆ ಏನು ಬಂತೋ, ಅವನು ಮತ್ತೆ ಮತ್ತೆ ಬಂದು ನೋಡಿಹೋಗಲೇಬೇಕಾಯಿತು. ನೋಡುತ್ತಿದ್ದದ್ದು ಲಿಫ್ಟನ್ನೋ ಕೌಂಟರನ್ನೋ, ಕಸ ಗುಡಿಸುವವರಿಗೂ ಗೊತ್ತಿತ್ತು ಬಿಡಿ.

ಒಂದು ಸಂಜೆ ಕ್ಯಾಂಟೀನಿನಲ್ಲಿ ಅವನು ತನ್ನ ಟೀ ಲೋಟ ಪಕ್ಕಕ್ಕೆ ಸರಿಸಿದ.

"ನಂಗೆ ಹೆಪಟೈಟಿಸ್ ಸಿ ಇದೆಯಂತೆ, ಲಿವರಿನ ಸೋಂಕು. ಹಿಂದೆ ಯಾವತ್ತೋ ಆಕ್ಸಿಡೆಂಟಲ್ಲಿ ರಕ್ತ ಹಾಕಿದ್ರು, ಅದ್ರಿಂದ ಬಂದಿರಬೇಕು ಅಂತಾರೆ. ನೀವು ಸ್ವಲ್ಪ ದೂರ ಕೂತ್ಕೊಳ್ಳಿ."

ಅವಳು ಅದೇ ಲೋಟ ಎತ್ತಿ ಉಳಿದ ಟೀ ಕುಡಿದಳು.

"ಎಂಜಲಿಂದ ಬರಲ್ಲ ರೀ, ರಕ್ತದಿಂದ ಬರುತ್ತೆ. ರೇಜರ್, ಬ್ರಷ್ ಮಾತ್ರ ಯಾರಿಗೂ ಕೊಡಬೇಡಿ. ದಿನಾ ತಪ್ಪದೆ ಮಾತ್ರೆ ತಗೊಂಡ್ರೆ ಮೂರು ತಿಂಗಳಲ್ಲಿ ಹೆಚ್ಚಿನವರಿಗೆ ವಾಸಿಯಾಗುತ್ತೆ."

ಅವನ ಕಣ್ಣು ತುಂಬಿತು. ಇವಳನ್ನು ಎಲ್ಲಿ ಕಳೆದುಕೊಳ್ಳುತ್ತೇನೋ ಎಂದು ಆಗಲೇ ಅವನಿಗೆ ಹೆದರಿಕೆ ಹತ್ತಿತು. ಅನಾಹುತಕ್ಕೆ ಕಾರಣವಾದದ್ದೂ ಆ ಹೆದರಿಕೆಯೇ.

ಮಾತ್ರೆಯ ಡಬ್ಬಿ ಕೊಡುವ ದಿನ ಅವಳು ಎಲ್ಲರನ್ನೂ ಕೇಳುವಂತೆ ಅವನನ್ನೂ ಕೇಳಿದಳು.

"ಬೇರೆ ಏನಾದ್ರೂ ಮಾತ್ರೆ ತಗೋತೀರಾ? ಗ್ಯಾಸ್‌ದು, ಹಾರ್ಟ್‌ದು, ಗಿಡಮೂಲಿಕೆ... ಏನಿದ್ರೂ ಹೇಳಿ. ಕೆಲವು ಇದರ ಜೊತೆ ಆಗಿಬರಲ್ಲ."

ಎದೆಬಡಿತ ತಪ್ಪುತ್ತದೆಂದು ಇನ್ನೊಂದು ಆಸ್ಪತ್ರೆಯಲ್ಲಿ ಬರೆದುಕೊಟ್ಟ ಮಾತ್ರೆ ಅವನ ಜೇಬಿನಲ್ಲೇ ಇತ್ತು. 'ಲಿವರ್ ಕೆಟ್ಟವನನ್ನ ಒಪ್ಪಿದಾಳೆ. ಹಾರ್ಟೂ ಕೆಟ್ಟಿದೆ ಅಂದ್ರೆ?'

"ಬೇರೆ ಮಾತ್ರೆ ಏನೂ ಇಲ್ಲ ಮೇಡಂ. ಕಲ್ಲುಗುಂಡಿನ ಹಾಗಿದ್ದೀನಿ."

ಗಂಡಸಿನ ಬಿಂಕಕ್ಕೆ ಏನು ಹೇಳೋಣ?

ವಾರ ಕಳೆಯುವ ಮೊದಲೇ ಅವನನ್ನು ಸ್ಟ್ರೆಚರಿನಲ್ಲಿ ತಂದರು. ಮುಖ ಬೂದಿಬಣ್ಣಕ್ಕೆ ತಿರುಗಿತ್ತು, ನಾಡಿ ಸಿಗುತ್ತಿರಲಿಲ್ಲ. ಹಿಂದೆಯೇ ಓಡಿಬಂದ ಅವನ ಅಕ್ಕ ಮನೆಯಲ್ಲಿದ್ದ ಮಾತ್ರೆಗಳನ್ನೆಲ್ಲ ಮೇಜಿನ ಮೇಲೆ ಸುರಿದಳು. ಅದರಲ್ಲಿ ಹೃದಯದ ಮಾತ್ರೆ ಕಂಡದ್ದೇ ತಡ, ಕೌಂಟರಿನವಳು ಅದನ್ನೆತ್ತಿ ಡಾಕ್ಟರಿಗೆ ತೋರಿಸಿದಳು.

"ಇವೆರಡೂ ಸೇರಿದ್ರೆ ಎದೆಬಡಿತ ನಿಂತೇ ಹೋಗಬಹುದು," ಎಂದರು ಡಾಕ್ಟರು. "ನೀವು ಕೇಳಲಿಲ್ವಾ?"

"ಕೇಳಿದ್ದೆ..." ಎಂದಳು. ಕೇಳಿದ್ದು ನಿಜವೋ ಅಲ್ಲವೋ ಎಂದು ಅವಳಿಗೇ ಅನುಮಾನ ಬರತೊಡಗಿತ್ತು. 'ನನ್ನ ಕೈಯಾರೆ ಕೊಟ್ಟೆನಲ್ಲ...'

ರಕ್ತನಾಳದೊಳಗೆ ತಂತಿ ಇಳಿಸಿ, ಯಂತ್ರದಿಂದ ಅವನ ಹೃದಯ ಬಡಿಸಿದರು. ಮರುದಿನ ಅವನು ಕಣ್ಣು ಬಿಟ್ಟಾಗ ಅವಳು ಪಕ್ಕದಲ್ಲಿದ್ದಳು.

"ಯಾಕೆ ಸುಳ್ಳು ಹೇಳ್ದೆ?" ಮೊದಲ ಸಲ ಅವಳ ಬಾಯಲ್ಲಿ ಏಕವಚನ ಬಂದಿತ್ತು.

"ಎರಡೆರಡು ರೋಗ ಇರೋನನ್ನ ಯಾರು ಕಟ್ಕೋತಾರೆ ಅಂತ..."

"ನೀನು ಸತ್ತಿದ್ರೆ, ಕೊಂದವಳು ನಾನು ಅಂದ್ಕೊಂಡೇ ಬದುಕಬೇಕಿತ್ತಲ್ಲೋ."

ಅವನು ಮುಖ ತಿರುಗಿಸಿ ಅತ್ತ. ಅವಳು ಸಮಾಧಾನ ಮಾಡಲಿಲ್ಲ.

ಡಾಕ್ಟರೂ ಬೆಲ್ಲ ಹಚ್ಚಿ ಹೇಳಿರಲಿಲ್ಲ. ಹೃದಯದ ಮಾತ್ರೆ ನಿಲ್ಲಿಸಿದರೂ ಅದರ ಅಂಶ ತಿಂಗಳುಗಟ್ಟಲೆ ಮೈಯಲ್ಲಿರುತ್ತದೆ, ಹಾಗಾಗಿ ಆ ಡಬ್ಬಿಯ ಮಾತ್ರೆ ಸದ್ಯಕ್ಕೆ ಕೊಡುವಂತಿಲ್ಲ. ಲಿವರಿಗೆ ಮುಂದೇನು ಕೊಡಬೇಕೆಂದು ಎರಡೂ ಆಸ್ಪತ್ರೆಗಳ ಡಾಕ್ಟರು ಕೂತು ಯೋಚಿಸಬೇಕು. ಅಲ್ಲಿಯವರೆಗೆ ಲಿವರ್ ತಡೆಯುತ್ತದೆಂದು ಯಾರೂ ಮಾತು ಕೊಡಲಿಲ್ಲ.

"ನನ್ನ ನಂಬ್ಕೊಂಡು ಕೂರಬೇಡಿ," ಎಂದ ಅವನು. "ನಿಮ್ಮ ಜೀವನ ನೀವು ನೋಡ್ಕೊಳ್ಳಿ."

"ನಿನ್ನ ಅಕ್ಕನ ಹತ್ರ ಆಗ್ಲೇ ಮಾತಾಡಿದ್ದೀನಿ."

"ಏನಂತ?"

"ನಿಮ್ಮ ತಮ್ಮನ್ನ ಮದುವೆ ಆಗ್ತೀನಿ, ಆದ್ರೆ ಮೊದಲು ಚೆನ್ನಾಗಿ ಬೈತೀನಿ ಅಂತ."

"ಅಕ್ಕ ಏನಂದ್ಲು?"

"ಬೈಯೋದ್ರಲ್ಲಿ ನಂಗೂ ಪಾಲು ಇರ್ಲಿ ಅಂದ್ರು."

ಒಣಗಿದ ತುಟಿಯಲ್ಲೇ ಅವನು ನಕ್ಕ. "ಹಾಗಾದ್ರೆ ಬೈದುಬಿಡಿ..."

ಅವಳು ತಂತಿಗಳನ್ನು ಸರಿಸಿ, ಅವನ ಎದೆಯ ಮೇಲೆ ಮೆಲ್ಲಗೆ ಅಂಗೈ ಇಟ್ಟಳು.

"ಇವತ್ತು ಬೇಡ. ಮೊದಲು ಇದು ತನ್ನಷ್ಟಕ್ಕೆ ತಾನೇ ಬಡ್ಕೊಳ್ಳಲಿ."