ಒಳದನಿಯ ತಡೆ

"ನಾ ಕಣ್ಣು ಬಿಗಿಯಾಗಿ ಮುಚ್ಚಿದ್ರ ಬ್ಯಾಡ ಅಂತ ಅರ್ಥ. ಅದು ಆತಗ ಗೊತ್ತಿತ್ತು. ದಿನಾ ಉಣಿಸೂ ಮುಂದ ಅದನ್ನ ನೋಡೇ ತಾಟು ಸರಸತಿದ್ದ. ಅವತ್ತು ಸ್ನಾನದ ಖೋಲ್ಯಾಗೂ ಮುಚ್ಚಿದ್ದೆ. ನೋಡಿದ. ಬಿಡಲಿಲ್ಲ."

ಸಾಕ್ಷಿಕಟ್ಟೆಯ ಪಕ್ಕದಲ್ಲಿ ಗಾಲಿಕುರ್ಚಿಯ ಮೇಲಿದ್ದ ಜಾಹ್ನವಿ ಬಡಿಗೇರಳ ತುಟಿ ಅಲುಗಿರಲಿಲ್ಲ. ದನಿ ಬಂದದ್ದು ಕುರ್ಚಿಯ ತೋಳಿಗೆ ಬಿಗಿದಿದ್ದ ಪುಟ್ಟ ಪೆಟ್ಟಿಗೆಯಿಂದ. ಹುಟ್ಟುವಾಗ ಮೆದುಳಿಗೆ ಪ್ರಾಣವಾಯು ಸಾಲದೆ ಅವಳ ಕೈಕಾಲು, ನಾಲಿಗೆ ಯಾವುದೂ ಅವಳ ಹಿಡಿತದಲ್ಲಿರಲಿಲ್ಲ. ಬುದ್ಧಿಗೆ ಏನೂ ಆಗಿರಲಿಲ್ಲ. ಅಂಗವಿಕಲ ಹೆಣ್ಣುಮಕ್ಕಳ ವಸತಿಗೃಹವೊಂದರಲ್ಲಿ ಅವಳು ಬೆಳೆದು ದೊಡ್ಡವಳಾಗಿದ್ದಳು. ಅಲ್ಲಿನ ಮೇಲ್ವಿಚಾರಕ ಪ್ರಭಾಕರ ಈಗ ಆರೋಪಿಯ ಜಾಗದಲ್ಲಿ ತಲೆ ತಗ್ಗಿಸಿ ನಿಂತಿದ್ದ. ಇಂಥ ಪ್ರಕರಣಗಳ ನಿಯಮದಂತೆ ಕೋಣೆಯ ಬಾಗಿಲು ಹಾಕಲಾಗಿತ್ತು.

ಹಿಂದಿನ ಬೆಂಚಿನಲ್ಲಿ ಜಾಹ್ನವಿಯ ತಾಯಿ ಕಸ್ತೂರವ್ವನ ಪಕ್ಕ ಡಾ. ನಸೀಮಾ ಕಿತ್ತೂರ ಕುಳಿತಿದ್ದರು. 'ಒಳದನಿ' ಯಂತ್ರವನ್ನು ಕಂಡುಹಿಡಿದವರು ಅವರೇ. ಮಾತಾಡಬೇಕೆಂದುಕೊಂಡಾಗ ಮೆದುಳು ನಾಲಿಗೆಗೆ, ತುಟಿಗೆ ಸೂಕ್ಷ್ಮವಾದ ವಿದ್ಯುತ್ ಸಂದೇಶಗಳನ್ನು ಕಳಿಸುತ್ತದೆ. ಸ್ನಾಯುಗಳು ಪಾಲಿಸದಿದ್ದರೂ ಸಂದೇಶ ಹುಟ್ಟುವುದು ನಿಲ್ಲುವುದಿಲ್ಲ. ತಲೆಗೆ ಹಾಕಿದ ತೆಳು ಬಲೆಯೊಂದು ಆ ಸಂದೇಶಗಳನ್ನು ಹಿಡಿದು ದನಿಯಾಗಿಸುತ್ತಿತ್ತು. ಆದರೆ ಮನುಷ್ಯ ತನ್ನೊಳಗೇ ಆಡಿಕೊಳ್ಳುವ ಮಾತೂ ಮೆದುಳಿನಲ್ಲಿ ಹೆಚ್ಚುಕಡಿಮೆ ಹೀಗೆಯೇ ಮೂಡುತ್ತದೆ. ಅದು ಹೊರಬೀಳಬಾರದೆಂದು ನಸೀಮಾ ಒಂದು ತಡೆ ಇಟ್ಟಿದ್ದರು. ಯಂತ್ರ ಧರಿಸಿದವರು ಬಲಮುಷ್ಟಿ ಬಿಗಿಹಿಡಿದಂತೆ ಮನಸ್ಸಿನಲ್ಲಿ ಕಲ್ಪಿಸಿಕೊಂಡಾಗ ಮಾತ್ರ ಮಾತು ಹೊರಗೆ ಬರುತ್ತಿತ್ತು. ಉಳಿದದ್ದೆಲ್ಲ ಅಲ್ಲೇ ಅಳಿಸಿಹೋಗುತ್ತಿತ್ತು.

ಆರೋಪಿಯ ಪರ ವಕೀಲ ಇನಾಮದಾರ ಎದ್ದು ನಿಂತದ್ದು ಈ ತಡೆಯ ಬಗ್ಗೆ ಕೇಳಲು.

"ಡಾಕ್ಟರೇ, ಈ ತಡೆಯನ್ನು ತೆಗೆಯಲು ಬರುತ್ತದೆಯೇ?"

"ಬರುತ್ತದೆ," ಎಂದರು ನಸೀಮಾ. "ಪ್ರಯೋಗಾಲಯದಲ್ಲಿ ಪರೀಕ್ಷೆಗೆ ತೆಗೆಯುತ್ತೇವೆ."

"ಹಾಗಿದ್ದರೆ ಸಾಕ್ಷಿಯ ಮನಸ್ಸಿನಲ್ಲಿ ಇರುವುದೇ ಒಂದು, ಇಲ್ಲಿ ನಮಗೆ ಕೇಳಿಸುತ್ತಿರುವುದೇ ಒಂದು ಇರಬಹುದಲ್ಲ? ಸ್ವಾಮಿ, ಪಾಟೀಸವಾಲಿನ ಹೊತ್ತಿಗೆ ತಡೆ ತೆಗೆಸಬೇಕೆಂದು ಪ್ರಾರ್ಥಿಸುತ್ತೇನೆ."

ಸರ್ಕಾರಿ ವಕೀಲರು ಆಕ್ಷೇಪಿಸಿದರು. ನ್ಯಾಯಾಧೀಶರು ಸಿಡುಕಿನವರಲ್ಲ. ತಮ್ಮ ತೀರ್ಮಾನಕ್ಕೆ ಕಾರಣವನ್ನೂ ಸಮಾಧಾನದಿಂದಲೇ ಹೇಳಿದರು. "ಬಾಯಿಂದ ಮಾತಾಡುವ ಸಾಕ್ಷಿ ತಡವರಿಸಿದರೆ, ಬೆವರಿದರೆ ನಮಗೆ ಕಾಣುತ್ತದೆ. ಇಲ್ಲಿ ಯಂತ್ರ ಎಲ್ಲವನ್ನೂ ಸೋಸಿ ಕೊಡುತ್ತಿದೆ. ಎದುರು ಪಕ್ಷಕ್ಕೂ ನ್ಯಾಯ ಆಗಬೇಕಲ್ಲ."

"ಬ್ಯಾಡ್ರಿ," ಎಂದಿತು ಪೆಟ್ಟಿಗೆ. "ಅದು ನಂದು. ಒಳಗಿಂದು ನಂದು."

"ಸತ್ಯ ಹೇಳುವವರಿಗೆ ಭಯವೇಕಮ್ಮ?" ಎಂದರು ನ್ಯಾಯಾಧೀಶರು. ಆದೇಶವಾಯಿತು.

ತಡೆ ತೆಗೆದದ್ದು ನಸೀಮಾ ಅವರ ಬೆರಳುಗಳೇ. ಅವರಿಗೆ ಅಳುಕು ಇರಲಿಲ್ಲವೆಂದಲ್ಲ. ಆದರೆ ತಮ್ಮ ಯಂತ್ರದ ಮೇಲೆ ಅವರಿಗೆ ನಂಬಿಕೆಯಿತ್ತು. ಒಳಗಿರುವುದು ಸತ್ಯವೇ ಆದ್ದರಿಂದ ಹೊರಗೆ ಬರುವುದೂ ಸತ್ಯವೇ ಎಂದುಕೊಂಡರು.

ಒಂದು ಕ್ಷಣ ಗೊರಗೊರ ಸದ್ದು. ಆಮೇಲೆ ಉಸಿರು ಬಿಡದೆ ಮಾತು ಸುರಿಯಿತು.

"ಅವ್ವ ಅಳಾಕತ್ತಾಳ. ಕುತ್ತಿಗಿ ನೋಯತೈತಿ. ಆತ ನೋಡಾಕತ್ತಾನೇನು, ನೋಡಬಾರದು. ಮೊದಲ ಒಳ್ಳೇವ್ನ ಇದ್ದ. ಹಾಡು ಹಚ್ಚತಿದ್ದ. ಆತ ಬಂದ್ರ ಖುಷಿ ಆಗತಿತ್ತು. ನಾ ನಕ್ಕಿದ್ದೆ. ಯಾಕ ನಕ್ಕೆ. ನಂದ ತಪ್ಪು. ನಂದ ತಪ್ಪು. ಬಂದ್ ಮಾಡ್ರಿ. ಅಕ್ಕಾರ, ಬಂದ್ ಮಾಡ್ರಿ."

"ಆತ ಬಂದರೆ ಖುಷಿ ಆಗುತ್ತಿತ್ತು. ಅಲ್ಲವೇನಮ್ಮ?" ಇನಾಮದಾರರು ಮೆಲುದನಿಯಲ್ಲಿ ಕೇಳಿದರು.

"ಆಗತಿತ್ತು, ಆಗತಿತ್ತು, ಅದಕ್ಕ ಹಿಂಗಾತು, ಯಾರರ ಬಂದ್ ಮಾಡ್ರಿ."

ಜಾಹ್ನವಿ ಕಣ್ಣುಗಳನ್ನು ಬಿಗಿಯಾಗಿ ಮುಚ್ಚಿಕೊಂಡಿದ್ದಳು. ಹೇಳಿಕೆಯಲ್ಲಿ ಅದು ದಾಖಲಾಗಲಿಲ್ಲ. ಅಲ್ಲಿ ದಾಖಲಾದದ್ದು ಮಾತು ಮಾತ್ರ.

ನಸೀಮಾ ಎದ್ದು ನಿಂತರು. "ಸ್ವಾಮಿ, ಇದು ಸಾಕ್ಷ್ಯವಲ್ಲ. ಏಟು ತಿಂದ ಮನಸ್ಸು ಮೊದಲು ಬೈಯುವುದು ತನ್ನನ್ನೇ. ಎಲ್ಲರೊಳಗೂ ಇಂಥದ್ದು ಓಡುತ್ತಿರುತ್ತದೆ. ಬೇಕಿದ್ದರೆ ಈ ಬಲೆಯನ್ನು ನನಗೆ ಹಾಕಿ. ಆರೋಪಿಗೂ ಹಾಕಿ ನೋಡಿ."

"ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಆರೋಪಿಯನ್ನು ಬಲವಂತ ಮಾಡುವಂತಿಲ್ಲ," ಎಂದರು ಇನಾಮದಾರರು. "ಸುಮ್ಮನಿರುವುದು ಅವರ ಹಕ್ಕು."

ಕಾನೂನಿನ ಪ್ರಕಾರ ಆ ಮಾತು ಸರಿಯಾಗಿಯೇ ಇತ್ತು. ನ್ಯಾಯಾಧೀಶರು ತಲೆಯಾಡಿಸಿದರು.

ಸಂಶಯದ ಲಾಭ ಪ್ರಭಾಕರನಿಗೆ ಸಿಕ್ಕಿತು. ಆತ ಮರಳಿ ಅದೇ ಕೆಲಸಕ್ಕೆ ಸೇರಿಕೊಂಡ. ತೀರ್ಪು ಮಾತ್ರ ಅಲ್ಲಿಗೇ ನಿಲ್ಲಲಿಲ್ಲ. ಬೇರೆ ನ್ಯಾಯಾಲಯಗಳು ಅದನ್ನು ಉದಾಹರಿಸತೊಡಗಿದವು. ಒಳದನಿಯಿಂದ ಮಾತಾಡುವವರು ತಡೆಯಿಲ್ಲದೆಯೇ ಮಾತಾಡಬೇಕು ಎಂಬುದು ರೂಢಿಯಾಯಿತು. ಪೊಲೀಸ್ ಠಾಣೆಗಳು ತಡೆಯಿಲ್ಲದ ಯಂತ್ರಗಳನ್ನೇ ಕೇಳಿದವು. ನಸೀಮಾ ಮಾಡಿಕೊಡುವುದಿಲ್ಲ ಎಂದಾಗ ಬೇರೆ ಕಂಪನಿಯೊಂದು ಮಾಡಿಕೊಟ್ಟಿತು. ನಾಲಿಗೆ ಇದ್ದವರ ಮನಸ್ಸಿಗೆ ಕೈಹಾಕಬೇಕೆಂದು ಮಾತ್ರ ಯಾರಿಗೂ ಅನ್ನಿಸಲಿಲ್ಲ. ಮಾತು ಬರುವವರಿಗೆ ಮೌನದ ಹಕ್ಕಿತ್ತು. ಮಾತು ಬಾರದವರು ಮಾತಾಡಬೇಕೆಂದರೆ ಅದನ್ನು ಬಿಟ್ಟುಕೊಡಬೇಕಾಗಿತ್ತು. ಆ ವಸತಿಗೃಹದ ಹುಡುಗಿಯರು ಒಬ್ಬೊಬ್ಬರಾಗಿ ಬಲೆ ಬೇಡವೆಂದು ತಲೆ ಹೊರಳಿಸಿದರು. ಆಮೇಲೆ ಅಲ್ಲಿಂದ ಒಂದು ದೂರೂ ಬರಲಿಲ್ಲ. ಪರಿಶೀಲನೆಗೆ ಬಂದ ಅಧಿಕಾರಿಗಳು ಎಲ್ಲ ಸರಿಯಾಗಿದೆ ಎಂದು ವರದಿ ಕೊಟ್ಟರು.

ಒಂದು ಮಧ್ಯಾಹ್ನ ನಸೀಮಾ ಜಾಹ್ನವಿಯ ಮನೆಗೆ ಹೋದರು. ಈಗ ಅವಳು ತಾಯಿಯ ಜೊತೆಗೇ ಇದ್ದಳು. ಹೊಲಿಗೆ ಯಂತ್ರದ ಮುಂದಿದ್ದ ಕಸ್ತೂರವ್ವ ಎದ್ದು ಕುರ್ಚಿ ಹಾಕಿ, ನೀರು ಕೊಟ್ಟರು. ಗೋಡೆಯ ಮೊಳೆಗೆ ತೂಗುಹಾಕಿದ್ದ ಪ್ಲಾಸ್ಟಿಕ್ ಹಾಳೆಯನ್ನು ತೆಗೆದು ಮಗಳ ಮುಖದೆದುರು ಹಿಡಿದರು. ಅದರ ಮೇಲೆ ಕನ್ನಡ ಅಕ್ಷರಗಳಿದ್ದವು. ಜಾಹ್ನವಿ ಒಂದು ಅಕ್ಷರವನ್ನು ದಿಟ್ಟಿಸುವಳು, ತಾಯಿ ಅದನ್ನು ಬಾಯಿಬಿಟ್ಟು ಹೇಳುವರು, ಸರಿಯಾಗಿದ್ದರೆ ಅವಳು ಕಣ್ಣು ಮೇಲೆತ್ತುವಳು. ಒಂದು ಮಾತು ಕೂಡಿಬರುವಷ್ಟರಲ್ಲಿ ನಸೀಮಾ ಅವರ ಕೈಯಲ್ಲಿದ್ದ ಲೋಟ ಖಾಲಿಯಾಗಿತ್ತು.

ತಡೆ ತೆಗೆಯಾಕ ಬರುತ್ತದೆ ಅಂದ್ರಿ. ನನ್ನ ಕೇಳಲಿಲ್ಲ.

ನಸೀಮಾ ಖಾಲಿ ಲೋಟವನ್ನು ಕೆಳಗಿಟ್ಟರು. "ಇದನ್ನು ಯಾವಾಗ ಮಾಡಿಕೊಂಡಿರಿ?" ಎಂದು ಹಾಳೆ ತೋರಿಸಿ ಕೇಳಿದರು.

"ನಿಮ್ಮ ಯಂತ್ರಕ್ಕಿಂತ ಎಷ್ಟೋ ಮೊದಲಿಂದು ಇದು," ಎಂದರು ಕಸ್ತೂರವ್ವ. "ಅಕಿ ಸಣ್ಣಾಕಿ ಇದ್ದಾಗಿಂದ ಐತ್ರಿ. ಪೊಲೀಸರ ಕಡೆ ಮೊದಲ ಇದನ್ನ ತಗೊಂಡೇ ಹೋಗಿದ್ವಿ. ಹೇಳಾಕಿ ನೀನೋ ನಿನ್ನ ಮಗಳೋ ಅಂದ್ರು. ಇಷ್ಟೊತ್ತು ಕುಂದ್ರಾಕ ನಮಗ ಪುರುಸೊತ್ತಿಲ್ಲ ಅಂದ್ರು. ಅದಕ್ಕ ನಿಮ್ಮ ಕಡೆ ಬಂದ್ವಿ."

ಜಾಹ್ನವಿ ಮತ್ತೆ ಅಕ್ಷರಗಳ ಮೇಲೆ ಕಣ್ಣಿಟ್ಟಳು. ಮೇಲಿನ ಕೋರ್ಟಿಗೆ ಹೋಗೋಣ. ಈ ಹಾಳೆ ಮೇಲೆ ಹೇಳ್ತೀನಿ.

ಸರ್ಕಾರಿ ವಕೀಲರು ತಡವಾದದ್ದಕ್ಕೆ ಕ್ಷಮೆ ಕೋರಿ ಮೇಲ್ಮನವಿ ಹಾಕಿದರು. ತಡೆಯಿಲ್ಲದ ಒಳದನಿ ಸುಳ್ಳು ಸಾಕ್ಷಿ ಎಂದು ನಸೀಮಾ ತಮ್ಮ ಯಂತ್ರದ ವಿರುದ್ಧವೇ ಬರೆದುಕೊಟ್ಟರು. ಕಸ್ತೂರವ್ವನ ಮೇಲೆ ಸಂಶಯ ಬಾರದಿರಲೆಂದು ಹಾಳೆ ಹಿಡಿಯಲು ಪರಿಚಯವಿಲ್ಲದ ದುಭಾಷಿಯೊಬ್ಬರನ್ನು ಕೇಳಿಕೊಂಡರು. ಇಬ್ಬರು ನ್ಯಾಯಮೂರ್ತಿಗಳ ಪೀಠ ಬಹಳ ಯೋಚಿಸಿ, ಆಗಲಿ, ಆದಷ್ಟು ಬೇಗ ಮುಗಿಸಿ ಎಂದಿತು.

ದುಭಾಷಿ ಹಾಳೆ ಎತ್ತಿ ಹಿಡಿದರು. ಜಾಹ್ನವಿಯ ಕತ್ತು ಒಂದೇ ಸಮನೆ ನಡುಗುತ್ತಿತ್ತು. ನೋಟ ಅಕ್ಷರದಿಂದ ಜಾರುತ್ತಿತ್ತು, ಮತ್ತೆ ಬರುತ್ತಿತ್ತು. ಕೊನೆಗೆ ನಿಂತಿತು.

"ನ," ಎಂದರು ದುಭಾಷಿ.

ನ್ಯಾಯಮೂರ್ತಿಗಳಲ್ಲಿ ಒಬ್ಬರು ಗೋಡೆಯ ಗಡಿಯಾರದತ್ತ ನೋಡಿದರು. ಜಾಹ್ನವಿ ಅದನ್ನು ಕಂಡಳು. ಆಮೇಲೆ ಎರಡನೆಯ ಅಕ್ಷರವನ್ನು ಹುಡುಕತೊಡಗಿದಳು.